ಗಿರಿಜೆಯ ಎಡಗೈ

ಮೊನ್ನೆ ಭುಜದ ನೋವಿಗೆಂದು ಕಡೂರಿನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗಿದ್ದೆ. ನಲವತ್ತೈದು ವರ್ಷ ಕತ್ತರಿ ಆಡಿಸಿದ ಭುಜ, ಈಗ ಮುನಿಸಿಕೊಂಡು ಕೂತಿದೆ. ಸರದಿಗೆ ಕಾಯುತ್ತ ಬೆಂಚಿನ ಮೇಲೆ ಕುಳಿತಿದ್ದಾಗ ಒಳಕೋಣೆಯಿಂದ ಕರಗಿದ ಮೇಣದ ವಾಸನೆ ಬಂತು. ಮೇಣಕ್ಕೆ ಕೊಬ್ಬರಿ ಎಣ್ಣೆ ಬೆರೆತ ಬಿಸಿ ವಾಸನೆ. ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಮುಂದಕ್ಕೆ ಚಾಚಿಕೊಂಡಿತು, ಅಂಗೈ ಮೇಲಾಗಿ, ಯಾವುದಕ್ಕೋ ಕೆಳಗಿನಿಂದ ಆಸರೆ ಕೊಡುವ ಹಾಗೆ. ಎದುರಿಗೆ ಕೂತಿದ್ದ ಹೆಂಗಸು ನಾನು ಏನೋ ಬೇಡುತ್ತಿದ್ದೇನೆ ಎಂದುಕೊಂಡಳೋ ಏನೋ, ಮುಖ ಆಚೆ ತಿರುಗಿಸಿದಳು. ನಾನು ಕೈ ಮಡಚಿ ತೊಡೆಯ ಮೇಲಿಟ್ಟುಕೊಂಡೆ. ಅಷ್ಟರಲ್ಲಿ ಅಜ್ಜಂಪುರದ ಆ ವರ್ಷ ಎದ್ದು ಎದುರಿಗೆ ಬಂದು ನಿಂತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು ಅದು. ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯೇ ನನ್ನ ಟೈಲರ್ ಅಂಗಡಿ. ಮನೆಯಲ್ಲಿ ಮೂರೇ ಜನ: ನಾನು, ನಮ್ಮವ್ವ, ನನ್ನ ಹೆಂಡತಿ ಗಿರಿಜಾ. ಗಿರಿಜಾ ಹಿರೇನಲ್ಲೂರಿನವಳು. ಮದುವೆಯಾಗಿ ಬಂದ ಮೇಲೆ ಅಂಗಡಿಯ ಕಾಜಾ, ಗುಂಡಿ, ಹೆಮ್ಮಿಂಗ್ ಎಲ್ಲ ಅವಳದೇ. ಅವಳು ಹಾಕಿದ ಕಾಜಾ ಅಂಗಿ ಹರಿದರೂ ಹರಿಯುತ್ತಿರಲಿಲ್ಲ. ಕಟಿಂಗ್ ಮಲ್ಲೇಶಪ್ಪನದು, ಕಾಜಾ ಅವನ ಹೆಂಡತಿಯದು ಎಂದು ಊರವರು ಹೇಳುತ್ತಿದ್ದರು. ಅದನ್ನು ಕೇಳಿ ನಾನು ನಗುತ್ತಿದ್ದೆನಾದರೂ ಒಳಗೊಳಗೇ ಸ್ವಲ್ಪ ಉರಿಯುತ್ತಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಆ ವರ್ಷದ ಸಂಕ್ರಾಂತಿಯ ಆಚೀಚೆ ಹೈಸ್ಕೂಲಿನ ಮೇಷ್ಟರೊಬ್ಬರು ಹೊಸ ಅಂಗಿಯನ್ನು ವಾಪಸು ತಂದರು. ಕಾಜಾದ ದಾರವೆಲ್ಲ ಸಡಿಲವಾಗಿ ಎದ್ದಿತ್ತು. "ಏನ್ ಮಲ್ಲೇಶಪ್ಪ, ಮನೆಯವ್ರು ತವರಿಗೆ ಹೋಗವ್ರಾ?" ಎಂದರು. ನನಗೆ ಅವಮಾನವಾಯಿತು. ಒಳಗೆ ಹೋಗಿ ಅಂಗಿಯನ್ನು ಅವಳ ಮುಂದೆ ಎಸೆದೆ. "ಕಣ್ಣು ಎಲ್ಲಿಟ್ಟಿದ್ದೆ?" ಎಂದೆ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅಲ್ಲಿಂದ ಒಂದು ವಾರ ಅವಳ ಕಾಜಾಗಳೆಲ್ಲ ಹಾಗೇ ಬಂದವು, ನಾನು ಬಯ್ಯುತ್ತಲೇ ಹೋದೆ.

ಕೈ ನೋಡಿದ್ದು ಒಂದು ಬೆಳಗ್ಗೆ. ಇಸ್ತ್ರಿಪೆಟ್ಟಿಗೆಗೆ ಕೆಂಡ ತೆಗೆಯಲು ಅಡುಗೆಮನೆಗೆ ಹೋದರೆ ಗಿರಿಜಾ ಹಿತ್ತಾಳೆ ಡಬ್ಬಿಯನ್ನು ಎರಡು ಮಣಿಕಟ್ಟುಗಳ ನಡುವೆ ಒತ್ತಿ ಹಿಡಿದು, ಅದರ ಮುಚ್ಚಳವನ್ನು ಹಲ್ಲಿನಿಂದ ತೆಗೆಯುತ್ತಿದ್ದಳು. ಬೆರಳಿನ ಗೆಣ್ಣುಗಳೆಲ್ಲ ಊದಿದ್ದವು. ಮುಟ್ಟಿದರೆ ಬಿಸಿ.

"ಇದೇನೇ?"

"ಬೆಳಗ್ಗೆ ಹಿಂಗೇ ಕಣ್ರೀ. ಹತ್ತು ಗಂಟೆ ಆಗ್ಬೇಕು ಬಿಡ್ಸಾಕೆ. ಬಿಸ್ಲು ಬಂದ್ರೆ ಸರಿಹೋಗುತ್ತೆ."

"ಎಷ್ಟ್ ದಿನದಿಂದ?"

"ದೀಪಾವಳಿ ಆದ್ಮೇಲೆ."

ಮೂರು ತಿಂಗಳು. ನನ್ನ ಪಕ್ಕದಲ್ಲೇ ಮಲಗಿ ಏಳುತ್ತಿದ್ದವಳು. ಊರಿನವರ ಎದೆ, ಬೆನ್ನು, ತೋಳು ಅಳೆದು ಇಂಚಿನ ಕಾಲು ಭಾಗ ಕೂಡ ತಪ್ಪದೆ ಬರೆದಿಡುವವನಿಗೆ ಮನೆಯೊಳಗಿನ ಕೈ ಕಂಡಿರಲಿಲ್ಲ.

ಯುಗಾದಿ ಕಳೆದ ಮೇಲೆ ತರೀಕೆರೆಗೆ ಕರೆದುಕೊಂಡು ಹೋದೆ. ಅಲ್ಲಿ ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಒಬ್ಬರಿದ್ದರು. ವಯಸ್ಸು ಕಮ್ಮಿ, ಮಾತು ಚುರುಕು. ರಕ್ತ ತೆಗೆದು ಶಿವಮೊಗ್ಗಕ್ಕೆ ಕಳಿಸಿ, ಎರಡನೆಯ ಸಲ ಹೋದಾಗ ನಮ್ಮನ್ನು ಕೂರಿಸಿಕೊಂಡು ಹೇಳಿದರು: "ಇದಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಅಂತಾರೆ. ವಾತ ಅಂತ ಸುಮ್ನೆ ಬಿಡೋ ಹಾಗಿಲ್ಲ. ನಮ್ಮ ಮೈಯೇ ನಮ್ಮ ಕೀಲುಗಳ ಮೇಲೆ ಜಗಳಕ್ಕೆ ಬೀಳುತ್ತೆ. ಪೂರ್ತಿ ವಾಸಿ ಆಗಲ್ಲ. ಆದ್ರೆ ಹಿಡಿತದಲ್ಲಿ ಇಟ್ಕೋಬಹುದು." ಮಾತ್ರೆ ಬರೆದುಕೊಟ್ಟರು, ಊಟ ಆದ ಮೇಲೆಯೇ ನುಂಗಬೇಕು ಎಂದರು. ಜೊತೆಗೆ ಮೇಣದ ವಿಷಯ ಹೇಳಿದರು: ಮೇಣದಬತ್ತಿಗಳನ್ನು ಎಣ್ಣೆ ಹಾಕಿ ಕರಗಿಸಿ, ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿಯಿರುವಾಗ ಕೈ ಅದ್ದಿ ತೆಗೆಯುವುದು, ಮೇಣ ಕೈಗವಸಿನ ಹಾಗೆ ಕೂತ ಮೇಲೆ ಬಟ್ಟೆ ಸುತ್ತಿ ಕೂರುವುದು. ನನಗೆ ನಗು ಬಂತು. ಅಷ್ಟು ಓದಿದವರು ಮೇಣದಬತ್ತಿ ಹೇಳುತ್ತಾರಲ್ಲ ಎನಿಸಿತು. ಇಷ್ಟೆಲ್ಲದರಲ್ಲಿ ನನ್ನ ಕಿವಿಗೆ ಗಟ್ಟಿಯಾಗಿ ಬಿದ್ದದ್ದು ವಾಸಿಯಾಗಲ್ಲ ಎಂಬ ಒಂದು ಮಾತು ಮಾತ್ರ.

ಬಸ್ಸಿನಲ್ಲಿ ಗಿರಿಜಾ ಕಿಟಕಿಯಾಚೆ ನೋಡುತ್ತ, "ನಮ್ಮನೇಲಿ ಜಗಳ ಆಡೋಕೆ ಜನ ಸಾಲ್ದು ಅಂತ ಮೈಯೇ ಶುರು ಮಾಡ್ಕೊಂಡೈತೆ ನೋಡ್ರಿ" ಎಂದಳು. ಅವಳು ತಮಾಷೆ ಮಾಡಿದ್ದು ನನಗೆ ಸಮಾಧಾನ ತಂದಿತು. ಅವಳೂ ಹೆದರಿದ್ದಾಳೆ ಎಂದು ತಿಳಿಯಲಿಲ್ಲ.

ಇಲ್ಲಿ ನಮ್ಮ ಮನೆಯ ಒಂದು ಕಟ್ಟಳೆ ಹೇಳಬೇಕು. ನಾವು ಲಿಂಗ ಕಟ್ಟಿಕೊಂಡ ಜನ. ಬೆಳಗ್ಗೆ ಸ್ನಾನ ಮಾಡಿ, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು, ಎಡಗೈಯ ಅಂಗೈ ಮೇಲಿಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ಬಾಯಿಗೆ ಏನಾದರೂ ಹಾಕುವುದು. ಈಗ ಎಷ್ಟೋ ಮನೆಗಳಲ್ಲಿ ಸಡಿಲವಾಗಿದೆ. ನಮ್ಮವ್ವನ ಮನೆಯಲ್ಲಿ ಆಗಿರಲಿಲ್ಲ. ಗಿರಿಜೆಯ ಬೆರಳು ಬಿಡುವುದು ಹತ್ತೋ ಹನ್ನೊಂದೋ ಗಂಟೆಗೆ. ಅಲ್ಲಿಯವರೆಗೆ ಅಂಗೈ ಚಪ್ಪಟೆಯಾಗುವುದಿಲ್ಲ, ಅಂಗೈ ಚಪ್ಪಟೆಯಾಗದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ನೋವು ಮಾತ್ರ ಬೆಳಗಿನ ಜಾವದಲ್ಲೇ ಹಿಂಡುತ್ತಿತ್ತು. ಅವಳು ಔಷಧಿ ಊಟವಲ್ಲ, ನೀರಿನ ಲೆಕ್ಕ ಎಂದುಕೊಂಡು ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗುತ್ತಿದ್ದಳು. ಹದಿನೈದು ದಿನದಲ್ಲಿ ಹೊಟ್ಟೆಯಲ್ಲಿ ಬೆಂಕಿ ಇಟ್ಟಂತಾಗಿ ಒಂದು ಬೆಳಗ್ಗೆ ಕಾಫಿಡಿಕಾಕ್ಷನ್ನಿನ ಬಣ್ಣದ ವಾಂತಿಯಾಯಿತು. ಅವ್ವ ಮಾತ್ರೆಯ ಸೀಸೆಯನ್ನು ಎತ್ತಿ ಅಟ್ಟದ ಮೇಲಿಟ್ಟಳು. "ಆ ಹುಡುಗಿ ಡಾಕ್ಟ್ರಿಗೆ ಏನ್ ಗೊತ್ತು" ಎಂದಳು. ನಾನೂ ಹೂಂ ಎಂದೆ. ಮತ್ತೆ ತರೀಕೆರೆಗೆ ಹೋಗಿ ಹೀಗಾಯಿತು ಎಂದು ಹೇಳಬೇಕೆಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ವೈಶಾಖದ ಬಿಸಿಲು. ಕಪ್ಪುಮಣ್ಣಿನ ಹೊಲಗಳು ಬಾಯಿಬಿಟ್ಟುಕೊಂಡು ಮಲಗಿದ್ದವು. ಆ ದಿನ ಅವ್ವ ಬಾವಿಗೆ ಹೋಗಿದ್ದಳು. ನಾನು ಒಳಗೆ ಹೋದಾಗ ಗಿರಿಜಾ ಮಣೆಯ ಮೇಲೆ ಕೂತು, ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ನೂಕಿ ಬಿಡಿಸಿ, ಅಂಗೈ ಮೇಲೆ ಲಿಂಗ ಇಟ್ಟುಕೊಂಡಿದ್ದಳು. ಬಿಲ್ವಪತ್ರೆಗೆ ಕೈ ಹಾಕುವಷ್ಟರಲ್ಲಿ ಎಡಗೈ ನಡುಗಿತು. ಟಕ್ ಎಂದು ಸದ್ದಾಯಿತು. ಲಿಂಗ ನೆಲದ ಮೇಲೆ ಉರುಳಿ ಬಚ್ಚಲ ಕಡೆಗೆ ಹೋಗಿ, ಹೊಸಿಲಿಗೆ ತಾಗಿ ನಿಂತಿತು.

ಅವಳು ಕಿರುಚಲಿಲ್ಲ. ಮೊಣಕಾಲಿನ ಮೇಲೆ ತೆವಳಿಕೊಂಡು ಹೋಗಿ, ಎರಡೂ ಕೈ ಕೂಡಿಸಿ ಎತ್ತಿ, ಕಣ್ಣಿಗೊತ್ತಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅತ್ತೆಗೆ ಹೇಳ್ಬ್ಯಾಡ್ರಿ."

ಯಾಕೆ ಎಂದು ಕೇಳಬೇಕಾಗಿರಲಿಲ್ಲ. ಅವ್ವನ ತವರು ಸಿಂಗಟಗೆರೆ. ಅಲ್ಲಿಯ ಒಬ್ಬ ಹೆಂಗಸಿನ ಕಥೆಯನ್ನು ಅವ್ವ ಪದೇ ಪದೇ ಹೇಳುತ್ತಿದ್ದಳು. ಕೆರೆಯಲ್ಲಿ ಸ್ನಾನ ಮಾಡುವಾಗ ಆಕೆಯ ಲಿಂಗ ಕಳಚಿ ನೀರು ಪಾಲಾಯಿತಂತೆ. ಲಿಂಗ ಹೋದ ಮೇಲೆ ಈ ಮೈ ಯಾಕೆ ಎಂದು ಅನ್ನ ನೀರು ಬಿಟ್ಟು ಕೂತು, ಕೂತಲ್ಲೇ ಜೀವ ಬಿಟ್ಟಳಂತೆ. "ಅಂಥೋರು ಇದ್ರು ಕಣವ್ವ ನಮ್ಮ ಕಾಲ್ದಾಗೆ" ಎಂದು ಅವ್ವ ಕೈ ಮುಗಿಯುತ್ತಿದ್ದಳು. ಸೊಸೆಯಾಗಿ ಬಂದ ದಿನದಿಂದ ಗಿರಿಜಾ ಕೇಳಿದ ಕಥೆ ಅದು.

ಅಂದು ಅವಳು ಊಟ ಮಾಡಲಿಲ್ಲ. ಮಾರನೆಯ ದಿನ ಬೆರಳು ಬಿಟ್ಟವು, ಪೂಜೆಯಾಯಿತು, ಉಂಡಳು. ಅದರ ಮಾರನೆಯ ದಿನ ಬಿಡಲಿಲ್ಲ, ಉಣ್ಣಲಿಲ್ಲ. ತನಗೆ ತಾನೇ ಒಂದು ಕಾನೂನು ಮಾಡಿಕೊಂಡಿದ್ದಳು: ಕೈ ತೆರೆಯದ ದಿನ ಅನ್ನವಿಲ್ಲ. ಅವ್ವನಿಗೆ ಸೋಮವಾರ, ಅಮಾವಾಸ್ಯೆ, ಹಸಿವಿಲ್ಲ ಎಂದು ಒಂದೊಂದು ನೆಪ. ತಿಂಗಳೊಳಗೆ ರವಿಕೆ ಅವಳ ಮೈ ಮೇಲೆ ಜೋತಾಡತೊಡಗಿತು. ಬಯ್ದೆ, ಬೇಡಿಕೊಂಡೆ, ಕಣ್ಣೀರೂ ಹಾಕಿದೆ. "ಕೈಯಾಗೆ ನಿಲ್ದಿದ್ದ ಮೇಲೆ ನಾನ್ಯಾಕೆ ನಿಲ್ಬೇಕು" ಎಂದಳು ಒಂದು ಸಲ. ತಣ್ಣಗೆ, ಸಾರಿಗೆ ಉಪ್ಪು ಕಮ್ಮಿಯಾಗಿದೆ ಎನ್ನುವ ಹಾಗೆ ಹೇಳಿದಳು. ನನಗೆ ಹೆಂಡತಿ ಕಣ್ಣೆದುರೇ ಹೋಗುತ್ತಿದ್ದಾಳೆ ಎಂದು ಅಂದು ಗೊತ್ತಾಯಿತು.

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಕಡೂರಿನಾಚೆ ಒಂದು ಹಳ್ಳಿಯಲ್ಲಿ ವಾತಕ್ಕೆ ಪುಡಿ ಕೊಡುವ ಮುದುಕನೊಬ್ಬನಿದ್ದಾನೆ ಎಂದು ಯಾರೋ ಹೇಳಿದರು. ಊರ ಹೆಸರು ಬೇಡ, ಅವನೂ ಈಗ ಇಲ್ಲ. ಅವನ ಅಂಗಳದಲ್ಲಿ ಗಾಡಿಗಳು ನಿಂತಿದ್ದವು. ಹೊತ್ತು ತಂದ ರೋಗಿಗಳು ನಡೆದು ಹೋಗುತ್ತಾರೆ ಎಂದು ಪಕ್ಕದಲ್ಲಿದ್ದವನು ಹೇಳಿದ. ಮುದುಕ ಗಿರಿಜೆಯ ಬಗ್ಗೆ ಎರಡು ಮಾತೂ ಕೇಳಲಿಲ್ಲ. ಬೂದಿಬಣ್ಣದ ಪುಡಿಯ ಪೊಟ್ಟಣಗಳನ್ನು ಕೊಟ್ಟು, ಜೇನಿನಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು ಎಂದ. ನಾನು ಎದ್ದು ಹೊರಡುವಾಗ, "ಡಾಕ್ಟ್ರ ಹತ್ರ ಬಾಯಿ ಬಿಡ್ಬ್ಯಾಡ. ಬಿಟ್ರೆ ಪುಡಿ ಕೆಲ್ಸ ಮಾಡಾಕಿಲ್ಲ" ಎಂದ. ಅದನ್ನೂ ನಾನು ಔಷಧಿಯ ಪಥ್ಯವೆಂದೇ ತಿಳಿದೆ.

ಮೂರನೆಯ ಬೆಳಗ್ಗೆ ಗಿರಿಜಾ ಅಂಗಡಿಯ ಬಾಗಿಲಲ್ಲಿ ಬಂದು ನಿಂತು ಎಡಗೈ ಚಾಚಿದಳು. ಅಂಗೈ ತಟ್ಟೆಯ ಹಾಗೆ ಚಪ್ಪಟೆ. ಬೆರಳುಗಳು ನೇರ. "ನೋಡ್ರಿ" ಎಂದಳು, ಅಷ್ಟೆ, ಕಣ್ಣಲ್ಲಿ ನೀರು. ಅಂದು ಏಳು ಗಂಟೆಗೇ ಪೂಜೆಯಾಯಿತು, ಎಂಟಕ್ಕೆ ಮೂರು ರೊಟ್ಟಿ ತಿಂದಳು. ಮಧ್ಯಾಹ್ನ ಎರಡು ಅಂಗಿಗೆ ಕಾಜಾ ಹಾಕಿದಳು. ಅಂಗಡಿಯಲ್ಲಿ ಒಬ್ಬನೇ ಕೂತು ಮಷೀನಿನ ಮೇಲೆ ತಲೆಯಿಟ್ಟು ಅತ್ತೆ, ಸಂತೋಷಕ್ಕೆ.

ಮಳೆಗಾಲ ಬಂತು. ಅಜ್ಜಂಪುರದ ಸುತ್ತ ಈರುಳ್ಳಿ ನಾಟಿಯಾಯಿತು. ಗಿರಿಜೆಗೆ ಹಸಿವೆಂದರೆ ಹಸಿವು. ಮುಖ ದುಂಡಗಾಯಿತು, ಕೆನ್ನೆ ಕೆಂಪೇರಿತು. ಬಂದವರೆಲ್ಲ "ಸೊಸೆ ಮೈಕೈ ತುಂಬ್ಕೊಂಡವ್ಳೆ" ಎಂದರು. ಅವ್ವ ದೃಷ್ಟಿ ತೆಗೆದಳು. ನಾನು ಹೊಸ ರವಿಕೆ ಹೊಲಿಯಲು ಟೇಪು ಹಿಡಿದೆ. ಎದೆ ಮೂವತ್ತೆರಡು ಇದ್ದದ್ದು ಮೂವತ್ತಾರಾಗಿತ್ತು. ಕುತ್ತಿಗೆಯ ಹಿಂದೆ ಒಂದು ಮೆತ್ತನೆಯ ಗಡ್ಡೆಯ ಹಾಗೆ ಮಾಂಸ ಬೆಳೆದು ಬೆನ್ನಿನ ಅಳತೆ ಕೂಡುತ್ತಿರಲಿಲ್ಲ. ಆಮೇಲೆ ತೋಳಿಗೆ ಟೇಪು ಸುತ್ತಿದೆ. ಮದುವೆಯಾದಾಗ ಹತ್ತು ಇಂಚು ಇದ್ದ ತೋಳು ಎಂಟೂವರೆಗೆ ಇಳಿದಿತ್ತು.

ಹತ್ತು ವರ್ಷದಿಂದ ಅಳತೆ ತೆಗೆಯುತ್ತ ಬಂದವನು ನಾನು. ದಪ್ಪ ಆಗುವವರು ಎಲ್ಲ ಕಡೆಯೂ ಆಗುತ್ತಾರೆ, ಸಣ್ಣ ಆಗುವವರೂ ಹಾಗೇ. ಎದೆ ನಾಲ್ಕು ಇಂಚು ಏರಿ ತೋಳು ಒಂದೂವರೆ ಇಂಚು ಇಳಿದ ಮೈಯನ್ನು ನಾನು ಕಂಡಿರಲಿಲ್ಲ. ಟೇಪನ್ನು ಮೂರು ಸಲ ಸುತ್ತಿದೆ. "ಏನ್ರಿ, ಮರ್ತೋಯ್ತಾ ಅಳ್ತೆ ತೆಗ್ಯೋದು?" ಎಂದು ಅವಳು ನಕ್ಕಳು. ಅವಳ ಮೊಣಕೈ ಹತ್ತಿರ ಹಸಿರುಗಟ್ಟಿದ ಗುರುತುಗಳಿದ್ದವು. ಎಲ್ಲಿಯೂ ತಾಗಿಸಿಕೊಂಡಿಲ್ಲ ಎಂದಳು. ನಾನು ಅಳತೆ ಪುಸ್ತಕ ತೆಗೆದು ತೋಳಿನ ಎದುರಿಗೆ ಹತ್ತು ಎಂದು ಬರೆದೆ. ಎಂಟೂವರೆ ಎಂದು ಬರೆದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ನನ್ನ ಪುಸ್ತಕದಲ್ಲಿ ಬೇಕೆಂದೇ ಬರೆದ ಸುಳ್ಳು ಅದೊಂದೇ. ಬಟ್ಟೆಯನ್ನು ಮಾತ್ರ ಎಂಟೂವರೆಗೇ ಕತ್ತರಿಸಿದೆ, ಇಲ್ಲದಿದ್ದರೆ ತೋಳು ಕೂರುತ್ತಿರಲಿಲ್ಲ.

ಶ್ರಾವಣದ ಎರಡನೆಯ ವಾರ ಸಿಂಗಟಗೆರೆ ಕಡೆಯ ಹೆಂಗಸೊಬ್ಬಳು ರವಿಕೆ ಹೊಲಿಸಲು ಬಂದಳು. ಮಾತಿಗೆ ಮಾತು ಬಂದು ಅವ್ವ ಪುಡಿಯ ಮಹಿಮೆ ಹೇಳಿದಳು. ಆಕೆ ಮೂಗಿನ ಮೇಲೆ ಬೆರಳಿಟ್ಟಳು.

"ಅಯ್ಯೋ ಶಿವನೇ, ಲಿಂಗವಂತರು ಅದನ್ನ ತಿಂತೀರಾ? ಅದ್ರಾಗೆ ಮೂಳೆ ಸುಟ್ಟು ಹಾಕ್ತಾರಂತೆ ಕಣವ್ವ. ಪಾರಿವಾಳದ್ದೋ ಆಮೆದ್ದೋ. ನಮ್ಮೂರಾಗೆಲ್ಲ ಗೊತ್ತು."

ಮನೆಯಲ್ಲಿ ಸೂತಕದ ಹಾಗಾಯಿತು. ಅವ್ವ ಪೊಟ್ಟಣಗಳನ್ನೆಲ್ಲ ಕಡ್ಡಿಯಲ್ಲಿ ಎತ್ತಿಸಿ ಚರಂಡಿಗೆ ಹಾಕಿಸಿದಳು. ಮನೆ ತೊಳೆಸಿದಳು. ಗಿರಿಜಾ ತಲೆಗೆ ನೀರು ಹಾಕಿಕೊಂಡು ಬಂದು ವಿಭೂತಿ ಹಚ್ಚಿಕೊಂಡು, ಗೋಡೆಗೆ ಮುಖ ಮಾಡಿ ಕೂತಳು. ಆ ಪುಡಿ ತಿಂದ ಬಾಯಿಂದಲೇ ಎರಡು ತಿಂಗಳು ಪ್ರಸಾದ ತಿಂದೆನಲ್ಲ ಎಂದು ಅವಳ ಸಂಕಟ. ಪುಡಿ ಬಿಟ್ಟದ್ದು ಒಳ್ಳೆಯದೇ ಆಯಿತು ಎಂದು ನನಗೂ ಅನ್ನಿಸಿತು. ಆ ತೋಳಿನ ಹೆದರಿಕೆ ನನಗಿತ್ತಲ್ಲ.

ಎರಡನೆಯ ದಿನ ಕೀಲುಗಳೆಲ್ಲ ಒಟ್ಟಿಗೆ ಹಿಡಿದುಕೊಂಡವು. ಮೂರನೆಯ ದಿನ ವಾಂತಿ. ನಾಲ್ಕನೆಯ ದಿನ ಬೆಳಗ್ಗೆ ಏಳಲು ಹೋದವಳು ನಿಂತಲ್ಲೇ ಕುಸಿದಳು. ಕೈಕಾಲು ತಣ್ಣಗೆ, ತುಟಿ ಒಣಗಿ, ಕರೆದರೆ ಬಾವಿಯೊಳಗಿನಿಂದ ಬಂದ ಹಾಗೆ ಒಂದು ಹೂಂ. ಅವ್ವ ಬಾಗಿಲಲ್ಲಿ ನಿಂತು, "ಲಿಂಗದ ಮುನಿಸು ಕಣೋ ಮಲ್ಲೇಶ. ಮೂಳೆ ತಿಂದ ಮೈನ ಲಿಂಗ ಒಪ್ಪಾಕಿಲ್ಲ. ಅಯ್ಯನೋರ್ನ ಕರ್ಕಂಬಾ" ಎಂದಳು.

ಅಯ್ಯನವರು ಎಂದರೆ ನಮಗೆ ದೀಕ್ಷೆ ಕೊಟ್ಟ ಮಠದ ಹಿರಿಯರು. ಬಂದು ಗಿರಿಜೆಯ ಪಕ್ಕದಲ್ಲಿ ಕೂತು ನಾಡಿ ಹಿಡಿದರು. ಅವ್ವ ಶಾಂತಿ, ಪ್ರಾಯಶ್ಚಿತ್ತ ಎಂದು ಶುರು ಮಾಡಿದರೆ ಕೈಯೆತ್ತಿ ತಡೆದರು.

"ಲಿಂಗಕ್ಕೆ ಮುನಿಸಿಲ್ಲ ಕಣವ್ವ. ಜೀವ ಹೋಗ್ತಾ ಐತೆ. ಲೇ ಮಲ್ಲೇಶಪ್ಪ, ಏನ್ ನೋಡ್ತಾ ನಿಂತೀಯ? ಗಾಡಿ ನೋಡು ಹೋಗು."

ಗಾಡಿ ಎಲ್ಲಿಂದ ಬರಬೇಕು. ಹಿಂದಿನ ಬೆಳೆಯ ಈರುಳ್ಳಿ ತುಂಬಿಕೊಂಡು ಶಿವಮೊಗ್ಗದ ಕಡೆಗೆ ಹೊರಟಿದ್ದ ಲಾರಿಯೊಂದನ್ನು ಅಯ್ಯನವರೇ ರಸ್ತೆಯ ನಡುವೆ ನಿಂತು ತಡೆದರು. ಡ್ರೈವರನ ಪಕ್ಕ ಅವ್ವ, ಅವ್ವನ ತೊಡೆಯ ಮೇಲೆ ಗಿರಿಜೆಯ ತಲೆ. ನಾನು ಹಿಂದೆ ಚೀಲಗಳ ಮೇಲೆ ಕೂತೆ. ಹೊರಡುವ ಮುಂಚೆ ಏನನಿಸಿತೋ, ಅವಳ ರವಿಕೆಗಳನ್ನು ಚೀಲಕ್ಕೆ ತುಂಬಿಕೊಂಡಿದ್ದೆ. ಜಿಟಿಜಿಟಿ ಮಳೆ. ಈರುಳ್ಳಿಯ ಘಾಟಿನಲ್ಲಿ ಕಣ್ಣು ಸುರಿಯುತ್ತಿತ್ತು, ಅತ್ತದ್ದು ಯಾವುದು, ಘಾಟು ಯಾವುದು ತಿಳಿಯಲಿಲ್ಲ. ತರೀಕೆರೆ ಆ ದಿನದಷ್ಟು ದೂರ ಎಂದೂ ಇರಲಿಲ್ಲ.

ಡಾಕ್ಟರಮ್ಮ ಗಿರಿಜೆಯ ಮುಖ ನೋಡಿ ನಿಂತುಬಿಟ್ಟರು. ಗುರುತೇ ಸಿಗಲಿಲ್ಲ. ರಕ್ತದ ಒತ್ತಡ ನೋಡಿದರು, ಮತ್ತೊಮ್ಮೆ ನೋಡಿದರು. ನನ್ನ ಕಡೆ ತಿರುಗಿ, "ಏನ್ ಕೊಟ್ರಿ ಇವರಿಗೆ?" ಎಂದರು.

ನಾನು ಬಾಯಿ ಬಿಡಲಿಲ್ಲ. ಪುಡಿ ಮುದುಕನ ಮಾತು ನಾಲಿಗೆಯನ್ನು ಕಟ್ಟಿಹಾಕಿತ್ತು. ಅದಕ್ಕಿಂತ ಹೆಚ್ಚಾಗಿ ನಾಚಿಕೆ.

"ಬಯ್ಯೋಕೆ ಕೇಳ್ತಿಲ್ಲ ಮಲ್ಲೇಶಪ್ಪ. ನೀವು ಹೇಳ್ದೇ ಇದ್ರೆ ನಾನು ಕತ್ತಲಲ್ಲಿ ಕೈಯಾಡಿಸ್ತಾ ಇರ್ತೀನಿ. ಅಷ್ಟು ಹೊತ್ತು ಇವರ ಹತ್ರ ಇಲ್ಲ."

ಹೇಳಿದೆ. ಪುಡಿ, ಜೇನು, ಮೂಳೆ, ಚರಂಡಿ, ಎಲ್ಲ ಒಂದೇ ಉಸಿರಿಗೆ. ಎಷ್ಟು ದಿನ ತಿಂದಳು ಎಂದು ಕೇಳಿದಾಗ ತೊದಲಿದೆ. ಆಮೇಲೆ ಚೀಲದಿಂದ ರವಿಕೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದೆ: ಇದು ಯುಗಾದಿಯದು, ಇದು ಮಳೆ ಹಿಡಿದಾಗಿನದು, ಇದು ಈ ಶ್ರಾವಣದ್ದು. ಎದೆ ಏರುತ್ತ, ತೋಳು ಇಳಿಯುತ್ತ ಬಂದದ್ದು ಬಟ್ಟೆಯಲ್ಲಿ ಕಾಣುತ್ತಿತ್ತು. "ಪುಸ್ತಕದಾಗೆ ಹತ್ತು ಅಂತ ಬರ್ದಿದೀನಿ ಡಾಕ್ಟ್ರೇ. ಸುಳ್ಳು ಬರ್ದೆ" ಎಂದೆ. ಅದನ್ನು ಯಾಕೆ ಹೇಳಿದೆನೋ, ಅವರಿಗೆ ಬೇಕಿರಲಿಲ್ಲ. ಅವರು ಆಗಲೇ ಸೂಜಿಗೆ ಔಷಧಿ ಎಳೆಯುತ್ತಿದ್ದರು.

ಅದು ಮೂಳೆಯಲ್ಲ, ಸ್ಟೀರಾಯ್ಡ್ ಎಂಬ ಔಷಧಿ ಎಂದು ಆಮೇಲೆ ಹೇಳಿದರು. ಅಂಗಡಿಯಲ್ಲಿ ಸಿಗುವ ಮಾತ್ರೆಯನ್ನೇ ಅರೆದು ಬೂದಿಯಲ್ಲಿ ಬೆರೆಸಿರುತ್ತಾರಂತೆ. ಅಳತೆ ಅರಿತು ಕೊಟ್ಟರೆ ಜೀವ ಉಳಿಸುತ್ತದೆ. ಅಳತೆಯಿಲ್ಲದೆ ತಿಂಗಳುಗಟ್ಟಲೆ ತಿಂದರೆ ಮೈ ತಾನು ಮಾಡಬೇಕಾದ್ದನ್ನು ಮರೆತು ಅದಕ್ಕೇ ಒರಗಿಕೊಳ್ಳುತ್ತದೆ. ಆಗ ಥಟ್ಟನೆ ನಿಲ್ಲಿಸಿದರೆ ನೆಲವೇ ಸಿಗುವುದಿಲ್ಲ. ನಿಲ್ಲಿಸುವುದಾದರೆ ಸ್ವಲ್ಪ ಸ್ವಲ್ಪವಾಗಿ, ಅವರ ಕಣ್ಣೆದುರಿಗೆ ಇಳಿಸಬೇಕು. ಮಡಿ ಮಾಡಿದೆವೆಂದು ಹಿಗ್ಗಿದ ದಿನವೇ ಅವಳನ್ನು ಕೊಲ್ಲಲು ಹೊರಟಿದ್ದೆವು.

ಮೂರನೆಯ ದಿನ ಗಿರಿಜಾ ಎದ್ದು ಕೂತಳು. ಎದ್ದವಳೇ ಅತ್ತೆಯ ಮುಖ ನೋಡಿ, ವೈಶಾಖದಲ್ಲಿ ಲಿಂಗ ಕೈಜಾರಿ ಬಿದ್ದದ್ದನ್ನು, ಅಂದಿನಿಂದ ಉಪವಾಸ ಮಾಡಿದ್ದನ್ನು ಹೇಳಿಬಿಟ್ಟಳು. ಡಾಕ್ಟರಮ್ಮ ಅಲ್ಲೇ ಇದ್ದರು. ನಾನು ಅವ್ವನ ಬಾಯಿಂದ ಏನು ಬರುತ್ತದೋ ಎಂದು ಹೆದರಿ ನಿಂತೆ.

ಅವ್ವ ಸೆರಗಿನ ಅಂಚನ್ನು ಮಡಚಿ ಮಡಚಿ ಬಿಡಿಸಿದಳು.

"ಸಿಂಗಟಗೆರೆ ಹೆಂಗಸಿನ ಕತೆ ಹೇಳ್ತಿದ್ನಲ್ಲ," ಎಂದಳು ಕೊನೆಗೆ, "ಅವ್ಳು ನಮ್ಮಕ್ಕ ಕಣೇ. ಹನ್ನೊಂದು ದಿನ ಬದ್ಕಿದ್ಲು. ನೀರು ನೀರು ಅಂದ್ಲು ಕಡೇ ದಿನ. ನಾನು ಚೊಂಬು ತಗಂಡು ಹೋದ್ರೆ ನಮ್ಮವ್ವ ಕೈ ಮ್ಯಾಲೆ ಹೊಡದ್ಲು. ಅಕ್ಕನ ಜೀವ ಸುಮ್ಸುಮ್ಕೆ ಹೋತು ಅನ್ನಿಸ್ಬಾರ್ದು ಅಂತ, ಊರೆಲ್ಲ ದೊಡ್ಡೋಳು ಅಂದ್ರಲ್ಲ ಅಂತ, ನಾನೂ ಹಂಗೇ ಹೇಳ್ಕಂತ ಬಂದೆ. ಇನ್ನೊಂದು ಹೆಣ ನಾನು ನೋಡಾಕಿಲ್ಲ."

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಅವ್ವನ ಎದುರಿಗೆ ಕೂತರು.

"ಅಜ್ಜಿ, ನಿಮ್ಮ ಮನೇಲಿ ಬೆಳಗ್ಗೆ ಏನೇನು ನಡೆಯುತ್ತೆ, ಒಂದೊಂದಾಗಿ ಹೇಳಿ."

ಅವ್ವ ಹೇಳಿದಳು. ಸ್ನಾನ, ಪೂಜೆ, ಆಮೇಲೆ ಊಟ. ಡಾಕ್ಟರಮ್ಮ ತಲೆಯ ಮೇಲೆ ಕೈ ಹೊತ್ತುಕೊಂಡರು. "ಊಟ ಆದ್ಮೇಲೆ ಅಂತ ಬರೆದುಕೊಟ್ಟೆ. ಊಟ ಎಷ್ಟು ಹೊತ್ತಿಗೆ ಅಂತ ನಾನು ಕೇಳ್ಲೇ ಇಲ್ಲ. ತಪ್ಪು ನಂದೂ ಇದೆ" ಎಂದರು. ಡಾಕ್ಟರೊಬ್ಬರು ಹಾಗೆ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಆಮೇಲೆ ಅವರಿಬ್ಬರೂ, ಒಬ್ಬಳು ಎಂ.ಬಿ.ಬಿ.ಎಸ್., ಒಬ್ಬಳು ಹೆಬ್ಬೆಟ್ಟು, ಕೂತು ಬೆಳಗನ್ನು ಹೊಸದಾಗಿ ಕತ್ತರಿಸಿದರು. ಮೊದಲು ಮೇಣ, ಬೆರಳು ಬಿಟ್ಟ ಮೇಲೆ ಪೂಜೆ, ಪೂಜೆಯಾದ ತಕ್ಷಣ ಗಂಜಿ, ಗಂಜಿಯ ಮೇಲೆ ಮಾತ್ರೆ.

"ಮೇಣ ಹಾಕಿದ್ರೂ ಬೆರಳು ಬಿಡ್ದಿದ್ರೆ?" ಎಂದು ಗಿರಿಜಾ ಕೇಳಿದಳು.

"ನನ್ ಕೈ ಬಿದ್ದೋಗೈತಾ?" ಎಂದಳು ಅವ್ವ.

ಮನೆಗೆ ಬಂದ ಮಾರನೆಯ ಬೆಳಗ್ಗೆ ಅವ್ವ ಒಲೆಯ ಮುಂದೆ ಕೂತು ಮೇಣ ಕರಗಿಸಿದಳು. ಮೊದಲು ತನ್ನ ಕೈ ಅದ್ದಿ ಬಿಸಿ ನೋಡಿ, ಆಮೇಲೆ ಸೊಸೆಯ ಕೈ ಅದ್ದಿಸಿದಳು. ಮೇಣ ಬಿಡಿಸಿ, ಸ್ನಾನ ಮಾಡಿಸಿ, ಮಣೆಯ ಮೇಲೆ ಕೂರಿಸಿದಳು. ಗಿರಿಜೆಯ ಎಡಗೈ ಅರ್ಧ ಮಾತ್ರ ಬಿಟ್ಟಿತ್ತು. ಅವ್ವ ಪಕ್ಕದಲ್ಲಿ ಕೂತು ತನ್ನ ಅಂಗೈಯನ್ನು ಅವಳ ಅಂಗೈಯ ಕೆಳಗಿಟ್ಟು ಎತ್ತಿ ಹಿಡಿದಳು. ಮೇಲಿನ ಕೈ ನಡುಗುತ್ತಿತ್ತು, ಕೆಳಗಿನದು ನಡುಗಲಿಲ್ಲ. ಪೂಜೆ ಮುಗಿಯುವವರೆಗೂ ನಾನು ಹೊಸಿಲಲ್ಲೇ ನಿಂತಿದ್ದೆ. ಅಂದೇ ಅಳತೆ ಪುಸ್ತಕದಲ್ಲಿ ಹತ್ತನ್ನು ಹೊಡೆದು ಎಂಟೂವರೆ ಎಂದು ಬರೆದೆ.

ಕಾಯಿಲೆ ಹೋಗಲಿಲ್ಲ. ಹೋಗುವುದಿಲ್ಲವೆಂದು ಮೊದಲೇ ಹೇಳಿದ್ದರು. ಎಂಬತ್ತರ ದಶಕದಲ್ಲಿ ಶಿವಮೊಗ್ಗಕ್ಕೆ ಹೋಗಿ ಚಿನ್ನದ ಇಂಜಕ್ಷನ್ ಹಾಕಿಸಿದೆವು, ನಿಜವಾಗಿಯೂ ಚಿನ್ನವೇ. "ಮದ್ವೇಲಿ ಮೈ ಮ್ಯಾಲೆ ಹಾಕ್ದೆ ಇದ್ದದ್ದನ್ನ ಈಗ ಒಳಕ್ಕೆ ಹಾಕ್ಸವ್ರೆ" ಎಂದು ಗಿರಿಜಾ ಊರೆಲ್ಲ ಹೇಳಿಕೊಂಡು ಬಂದಳು. ಕೆಲವು ವರ್ಷ ಚೆನ್ನಾಗಿರುತ್ತಿದ್ದಳು, ಕೆಲವು ವರ್ಷ ಇಲ್ಲ. ಬೆರಳುಗಳು ನಿಧಾನವಾಗಿ ಕಿರುಬೆರಳಿನ ಕಡೆಗೆ ವಾಲಿ, ಒಳಕ್ಕೆ ಮಡಚಿಕೊಂಡವು. ಕಾಜಾ ಹಾಕಲು ನಾನೇ ಕಲಿತೆ. ಅವಳು ಪಕ್ಕದಲ್ಲಿ ಕೂತು ತಪ್ಪು ತೋರಿಸುತ್ತಿದ್ದಳು. ಅವ್ವ ಹೋದ ಮೇಲೆ ಮೇಣದ ಪಾತ್ರೆಯೂ ಕೆಳಗಿನ ಕೈಯೂ ನನ್ನದಾದವು. ಮೂವತ್ತು ವರ್ಷ, ಪ್ರತಿ ಬೆಳಗ್ಗೆ, ಅವಳ ಅಂಗೈಯ ಕೆಳಗೆ ನನ್ನ ಬಲಗೈ. ಒಂದು ದಿನವೂ ಭಯವಿಲ್ಲದೆ ಕೈ ಒಡ್ಡಿದ್ದಿಲ್ಲ. ಟಕ್ ಎಂಬ ಆ ಸದ್ದು ಮತ್ತೆ ಯಾವ ಬೆಳಗ್ಗೆ ಕೇಳುತ್ತದೋ ಎಂದು ಕಾಯುತ್ತಲೇ ಇದ್ದೆ.

ಆರು ವರ್ಷದ ಹಿಂದೆ ಗಿರಿಜಾ ನಿದ್ದೆಯಲ್ಲೇ ಹೋದಳು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ, ಎಡಗೈಯಲ್ಲಿ ಲಿಂಗವಿಟ್ಟು. ಗುಂಡಿಯೊಳಗೆ ಇಳಿಸಿದ ಮೇಲೆ ಹಿಂದಿನ ಅಯ್ಯನವರ ಜಾಗಕ್ಕೆ ಬಂದಿದ್ದ ಕಿರಿಯ ಅಯ್ಯನವರು ಕರಡಿಗೆಯಿಂದ ಲಿಂಗ ತೆಗೆದು ಅವಳ ಅಂಗೈಗೆ ಇಟ್ಟರು. ನಾನು ಅಂಚಿನಲ್ಲಿ ಮಂಡಿಯೂರಿ ಬಗ್ಗಿ, ಯೋಚನೆಯೇ ಇಲ್ಲದೆ, ನನ್ನ ಕೈಯನ್ನು ಅವಳ ಕೈಯ ಕೆಳಗೆ ಒಡ್ಡಿದೆ. ಮಣ್ಣು ಹಾಕಲು ನಿಂತವರು ಕಾದರು.

ಅವಳ ಬೆರಳುಗಳು ಮೂವತ್ತು ವರ್ಷ ಮಡಚಿಕೊಂಡು ಮಡಚಿಕೊಂಡು ಬಟ್ಟಲಿನ ಹಾಗಾಗಿದ್ದವು. ಲಿಂಗ ಅದರೊಳಗೆ ಅಲುಗದೆ ಕೂತಿತ್ತು.

"ಬಿಡಿ ಯಜಮಾನ್ರೇ," ಎಂದರು ಅಯ್ಯನವರು, "ಇನ್ನು ಬೀಳಾಕಿಲ್ಲ."

ಗೊತ್ತು ಎಂದೆ. ಆದರೂ ಕೈ ತೆಗೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.